ಕಲ್ಲಿನಂತೆ ಗಾಳಿ ತುಂಬಿದ ಟೈರು ಕೆಂಪುಮಣ್ಣಿಗೆ ಹೊಂದುವುದೇ?

ಪ್ರಶ್ನೆ:

ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಬದಿಯಡ್ಕದ ಕಡೆಯ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದೇನೆ. ಎರಡು ವರ್ಷದಿಂದ ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೇನೆ, ಹೋಗಿಬರಲು 26 ಕಿಲೋಮೀಟರ್. ಮನೆಯಿಂದ ಹೊರಟರೆ ಒಂದೂವರೆ ಕಿಲೋಮೀಟರ್ ಅಡಿಕೆ ತೋಟದ ಬದಿಯ ಕೆಂಪುಮಣ್ಣಿನ ದಾರಿ, ಆಮೇಲೆ ಪಂಚಾಯತ್ ಹಾಕಿದ ಕಾಂಕ್ರೀಟ್ ಇಳಿಜಾರು, ಉಳಿದದ್ದು ಡಾಮರು. ಆದಿತ್ಯವಾರ ಪೊಸಡಿಗುಂಪೆ, ಅನಂತಪುರದ ಕಡೆ ಪದವಿನ (ಕೆಂಪುಕಲ್ಲಿನ ಬಯಲಿನ) ದಾರಿಗಳಲ್ಲಿ ಸುತ್ತುತ್ತೇನೆ. ಡಿಸ್ಕ್ ಬ್ರೇಕಿನ ಹೈಬ್ರಿಡ್ ಸೈಕಲ್, 700×35 ಟೈರು (ಅಗಲ 35 ಮಿಲಿಮೀಟರ್), ಎರಡೂ ಚಕ್ರಕ್ಕೆ ಮಡ್‌ಗಾರ್ಡ್. ನನ್ನ ತೂಕ 78 ಕಿಲೋ, ಸೈಕಲ್ ಮತ್ತು ಚೀಲ ಸೇರಿ 16 ಕಿಲೋ. ತಿಂಗಳ ಒಂದನೇ ತಾರೀಕಿಗೆ ಪೇಟೆಯ ಪಂಕ್ಚರ್ ಅಂಗಡಿಯಲ್ಲಿ, ಹೆಬ್ಬೆರಳಿಗೆ ಕಲ್ಲಿನಂತೆ ತಾಗುವ ತನಕ ಗಾಳಿ ತುಂಬಿಸುತ್ತೇನೆ.

ಕಳೆದ ಜುಲೈ 3ರಂದು ಕಾಂಕ್ರೀಟ್ ಇಳಿಜಾರಿನಲ್ಲಿ ಜಾರಿಬಿದ್ದು ಮೊಣಕೈಗೆ ಏಟಾಯಿತು. ಆಮೇಲೆ ಹಿಂದಿನ ಚಕ್ರ ನಾಲ್ಕು ಸಲ ಪಂಕ್ಚರ್ ಆಯಿತು: ಆಗಸ್ಟ್ 24, ಸೆಪ್ಟೆಂಬರ್ 22, ಸೆಪ್ಟೆಂಬರ್ 29, ನವೆಂಬರ್ 26. ಟ್ಯೂಬಿನ ಚಿತ್ರ ಕಳುಹಿಸಿದ್ದೇನೆ. ಸೈಕಲ್ ಅಂಗಡಿಯವರು ದಪ್ಪ ಬಟನ್ ಟೈರು, ಅಂದರೆ ಮೈಮೇಲೆ ರಬ್ಬರಿನ ಗುಬ್ಬಿಗಳು ಎದ್ದಿರುವಂಥದ್ದು, ಹಾಕಿ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು 28ರ ತೆಳ್ಳಗಿನ ಟೈರಿಗೆ ಗಟ್ಟಿ ಗಾಳಿ ಹಾಕಿದರೆ ವೇಗವೂ ಬರುತ್ತದೆ, ಪಂಕ್ಚರೂ ಆಗುವುದಿಲ್ಲ ಎನ್ನುತ್ತಾರೆ. ಅಮೆರಿಕದವರ ವಿಡಿಯೋಗಳಲ್ಲಿ 45, 50 ಮಿಲಿಮೀಟರಿನ ಟ್ಯೂಬ್‌ಲೆಸ್ ಬಿಟ್ಟು ಬೇರೆ ಮಾತಿಲ್ಲ. ಯಾರ ಮಾತು ಕೇಳಲಿ? ಹೊಸದು ಕೊಂಡರೆ ಹಳೆಯ ಟೈರುಗಳನ್ನು ಏನು ಮಾಡಲಿ?

ಉತ್ತರ:

ಮಾಷ್ಟ್ರೇ, ತಾರೀಕುಗಳನ್ನು ಬರೆದಿಟ್ಟು ಕಳುಹಿಸಿದಿರಲ್ಲ, ಅದರಿಂದ ನನ್ನ ಕೆಲಸ ಅರ್ಧ ಮುಗಿಯಿತು. ನೀವು ಬಿದ್ದದ್ದು ಗಾಳಿ ತುಂಬಿಸಿ ಎರಡು ದಿನ ಕಳೆದಾಗ. ನಾಲ್ಕು ಪಂಕ್ಚರ್‌ಗಳೂ ತಿಂಗಳ ಕೊನೆಯ ಹತ್ತು ದಿನಗಳಲ್ಲಿ. ಸೆಪ್ಟೆಂಬರ್ 22ರಂದು ಪಂಕ್ಚರ್ ಹಾಕಿಸಿದ ಮೇಲೆ ದಾರಿಯಲ್ಲಿ ಕೈಪಂಪಿನಿಂದಲೇ ಗಾಳಿ ತುಂಬಿರಬೇಕು, ವಾರದೊಳಗೆ ಮತ್ತೆ ಆಯಿತು. ತಿಂಗಳ ಮೊದಲ ವಾರ ನಿಮ್ಮ ಟೈರು ಬೇಕಾದ್ದಕ್ಕಿಂತ ತುಂಬಾ ಗಟ್ಟಿ, ಕೊನೆಯ ವಾರ ತುಂಬಾ ಮೆತ್ತಗೆ. ನಡುವೆ ಎಲ್ಲೋ ನಾಲ್ಕೈದು ದಿನ ಅದು ಸರಿಯಾಗಿ ಇದ್ದಿರಬಹುದು. ಆ ನಾಲ್ಕೈದು ದಿನದ ಟೈರನ್ನು ವರ್ಷವಿಡೀ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಯಾವ ಟೈರು ಕೊಳ್ಳಬೇಕು ಎಂಬುದು ಆಮೇಲಿನ ಮಾತು.

ಟ್ಯೂಬಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಒಂದರ ಪಕ್ಕದಲ್ಲಿ ಒಂದು, ಸುಮಾರು ಒಂದು ಸೆಂಟಿಮೀಟರ್ ಅಂತರದಲ್ಲಿ, ಅಕ್ಕಿಕಾಳಿನ ಉದ್ದದ ಎರಡು ಸೀಳುಗಳು. ಮುಳ್ಳು ಅಥವಾ ಮೊಳೆ ಚುಚ್ಚಿದರೆ ಒಂದೇ ತೂತು, ಅದೂ ದುಂಡಗೆ ಇರುತ್ತದೆ. ಹೀಗೆ ಜೋಡಿಯಾಗಿ ಸೀಳಿದ್ದರೆ ನಾವು ಹಾವು ಕಚ್ಚಿದ ಗುರುತು ಎನ್ನುತ್ತೇವೆ. ಗಾಳಿ ಕಡಿಮೆಯಿರುವ ಚಕ್ರ ಗುಂಡಿಯ ಅಂಚಿಗೋ ಎದ್ದು ನಿಂತ ಮುರಕಲ್ಲಿಗೋ (ನಮ್ಮ ಕಡೆಯ ಕೆಂಪುಕಲ್ಲು) ಬಡಿದಾಗ ಟೈರು ಪೂರ್ತಿ ಚಪ್ಪಟೆಯಾಗಿ, ಟ್ಯೂಬು ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಸಿಕ್ಕಿ ಹಿಸುಕಿಹೋಗುತ್ತದೆ. ರಿಮ್ಮಿಗೆ ಎರಡು ಅಂಚು, ಆದ್ದರಿಂದ ಎರಡು ಸೀಳು. ಹಿಂದಿನ ಚಕ್ರಕ್ಕೆ ಹೆಚ್ಚು ಭಾರ ಬೀಳುವುದರಿಂದ ಹೆಚ್ಚಾಗಿ ಹಿಂದಿನದೇ ಹೋಗುತ್ತದೆ. ನಿಮ್ಮ ದಾರಿಯಲ್ಲಿ ಮುಳ್ಳಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಪಂಕ್ಚರ್‌ಗಳಿಗೆ ಮುಳ್ಳು ಕಾರಣವಲ್ಲ. ಎಷ್ಟು ದಪ್ಪ ಬಟನಿನ ಟೈರು ಹಾಕಿದರೂ ತಿಂಗಳಿಗೊಮ್ಮೆ ಮಾತ್ರ ಗಾಳಿ ತುಂಬಿಸಿದರೆ ಈ ಸೀಳು ಮತ್ತೆ ಬಂದೀತು.

ಸಾಮಾನ್ಯ ಬ್ಯೂಟೈಲ್ ರಬ್ಬರಿನ ಟ್ಯೂಬು ತೂತಿಲ್ಲದಿದ್ದರೂ ವಾರಕ್ಕೆ ಕೆಲವು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಚದರ ಇಂಚಿಗೆ ಎಷ್ಟು ಪೌಂಡ್ ಎಂದು) ಗಾಳಿ ಬಿಡುತ್ತದೆ. ಅದು ದೋಷವಲ್ಲ, ರಬ್ಬರಿನ ಸ್ವಭಾವ. ಬೈಕಿನ ಟೈರಿಗೆ ಹೋಲಿಸಿದರೆ ಸೈಕಲ್ಲಿನ ಟೈರಿನೊಳಗೆ ಹಿಡಿಯುವ ಗಾಳಿಯೇ ಬಹಳ ಕಡಿಮೆ, ಹಾಗಾಗಿ ಸ್ವಲ್ಪ ಹೋದರೂ ಒತ್ತಡ ಬೇಗ ಇಳಿಯುತ್ತದೆ.

ಹೆಬ್ಬೆರಳಿನ ವಿಷಯವನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷಕ್ಕೂ ಮೇಲೆ ಕಾಸರಗೋಡಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದೇನೆ, ನನ್ನ ಹೆಬ್ಬೆರಳನ್ನೂ ನಾನು ನಂಬುವುದಿಲ್ಲ. ಟೈರಿನ ಒತ್ತಡ 50 ದಾಟಿದ ಮೇಲೆ 55ಕ್ಕೂ 80ಕ್ಕೂ ಬೆರಳಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ, ಎಲ್ಲವೂ ಕಲ್ಲೇ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಕ್ಷಣಾರ್ಧದಲ್ಲಿ ಗಾಳಿ ನುಗ್ಗುತ್ತದೆ. ಆ ದಿನ ನಿಮ್ಮ ಟೈರಿನಲ್ಲಿ 75ರ ಆಸುಪಾಸು ಇದ್ದಿರಬೇಕು ಎಂದು ನನ್ನ ಲೆಕ್ಕ.

ಒತ್ತಡ ಹೆಚ್ಚಾದರೆ ಏನಾಗುತ್ತದೆ? ಟೈರು ನೆಲಕ್ಕೆ ತಾಗುವ ಜಾಗ ಎಷ್ಟು ಎಂಬುದು ಹೆಚ್ಚುಕಡಿಮೆ ಒಂದೇ ಭಾಗಾಕಾರದಿಂದ ಸಿಗುತ್ತದೆ: ಚಕ್ರದ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಬೇಕು. ನೀವು, ಸೈಕಲ್, ಚೀಲ ಸೇರಿ 94 ಕಿಲೋ. ಹಿಂದಿನ ಚಕ್ರಕ್ಕೆ ಸುಮಾರು 55 ಕಿಲೋ ಎಂದುಕೊಳ್ಳಿ. 75 ಪಿಎಸ್‌ಐ ಇದ್ದರೆ ನೆಲಕ್ಕೆ ತಾಗುವುದು ಸುಮಾರು 10 ಚದರ ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣದ ಅರ್ಧಕ್ಕಿಂತ ತುಸು ಹೆಚ್ಚು. 42ಕ್ಕೆ ಇಳಿಸಿದರೆ 18ರಿಂದ 19 ಚದರ ಸೆಂಟಿಮೀಟರ್, ಇಡೀ ಬೆಂಕಿಪೊಟ್ಟಣದಷ್ಟು. ಸಮತಟ್ಟಾದ ಒಣ ಡಾಮರಿನಲ್ಲಿ ಈ ವ್ಯತ್ಯಾಸ ದೊಡ್ಡದಲ್ಲ. ಒರಟು ನೆಲದಲ್ಲಿ ಮಾತ್ರ ಇದೇ ಮುಖ್ಯ. ಮೆತ್ತಗಿನ ಟೈರು ಕಲ್ಲಿನ ಮೇಲೆ ಮಡಿಚಿಕೊಂಡು ಹೋಗುತ್ತದೆ, ಗಟ್ಟಿ ಟೈರು ಕಲ್ಲಿನ ಮೇಲಿಂದ ಹಾರುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುಗುವ ಶಕ್ತಿಯೂ ಇಲ್ಲ.

ಇಲ್ಲೇ ನಿಮ್ಮ ಸಹೋದ್ಯೋಗಿಯ ಮಾತಿಗೂ ಉತ್ತರವಿದೆ. ತೆಳ್ಳಗೆ, ಗಟ್ಟಿಯಾಗಿ ಇದ್ದರೆ ವೇಗ ಎಂಬ ನಂಬಿಕೆ ಬಹಳ ಹಳೆಯದು, ಸೈಕಲ್ ಓಟಗಾರರೂ ದಶಕಗಳ ಕಾಲ ಅದನ್ನೇ ನಂಬಿದ್ದರು. ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಪ್ರತಿ ಸುತ್ತಿನಲ್ಲೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಲು ಕೊಟ್ಟ ಶಕ್ತಿಯಲ್ಲಿ ಒಂದಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಗಾಳಿ ಹೆಚ್ಚಿಸಿದರೆ ಬಾಗುವಿಕೆ ಕಡಿಮೆಯಾಗಿ ಈ ನಷ್ಟ ತಗ್ಗುತ್ತದೆ ಎಂಬುದು ನಿಜ, ಆದರೆ ಗಾಜಿನಂಥ ನೆಲದಲ್ಲಿ ಮಾತ್ರ. ನೆಲ ಒರಟಾದಾಗ ಇನ್ನೊಂದು ನಷ್ಟ ಶುರುವಾಗುತ್ತದೆ. ಟೈರು ನುಂಗಬೇಕಾದ ಅದುರು ನಿಮ್ಮ ತೊಡೆ, ಸೊಂಟ, ಭುಜಗಳಿಗೆ ಹೋಗಿ ಅಲ್ಲಿ ವ್ಯರ್ಥವಾಗುತ್ತದೆ. ಒಂದು ಹಂತದ ಮೇಲೆ ಗಾಳಿ ತುಂಬಿದಷ್ಟೂ ಸೈಕಲ್ ನಿಧಾನವಾಗುತ್ತದೆ, ಸವಾರನಿಗೆ ಮಾತ್ರ ಅದುರುವುದರಿಂದ ವೇಗವಾಗಿ ಹೋದಂತೆ ಅನಿಸುತ್ತದೆ. ಒಂದೇ ಒತ್ತಡದಲ್ಲಿ ಅಗಲ ಟೈರು ತೆಳು ಟೈರಿಗಿಂತ ಕಡಿಮೆ ಬಾಗುತ್ತದೆ ಎಂಬುದೂ ಅಳೆದು ನೋಡಿದ ಸಂಗತಿ. ಚೆರ್ಕಳ–ಕಲ್ಲಡ್ಕ ರಸ್ತೆಯ ತೇಪೆ ಹಾಕಿದ ಡಾಮರಿನಲ್ಲಿ 28ರ ಟೈರು ನಿಮಗೆ ಏನನ್ನೂ ಗಳಿಸಿಕೊಡದು. ಮನೆಯ ಒಂದೂವರೆ ಕಿಲೋಮೀಟರಿನಲ್ಲಿ ಅದು ನಿಮ್ಮನ್ನು ದಿನಾ ಎರಡು ಸಲ ಕುಕ್ಕುತ್ತದೆ.

ಇನ್ನು ಬಟನ್ ಟೈರು. ಮಳೆಗಾಲಕ್ಕೆ ಆಳವಾದ ಅಚ್ಚು ಬೇಕು ಎಂಬ ನಂಬಿಕೆ ಕಾರಿನ ಟೈರಿನಿಂದ ಬಂದದ್ದು. ಕಾರಿನ ಟೈರು ಅಗಲ, ಚಪ್ಪಟೆ, ವೇಗ ಹೆಚ್ಚು. ಅದರಡಿ ಸಿಕ್ಕಿದ ನೀರು ಹೊರಹೋಗಲು ಗೀರುಗಳು ಬೇಕೇ ಬೇಕು, ಇಲ್ಲವಾದರೆ ಟೈರು ನೀರಿನ ಮೇಲೆ ತೇಲುತ್ತದೆ. ಸೈಕಲ್ ಟೈರು ದುಂಡಗೆ, ಸಪೂರ. 40 ಪಿಎಸ್‌ಐ ಒತ್ತಡದ ಟೈರು ನೀರಿನ ಮೇಲೆ ತೇಲಬೇಕಾದರೆ ಗಂಟೆಗೆ 100 ಕಿಲೋಮೀಟರಿನ ಆಸುಪಾಸು ವೇಗ ಬೇಕು. ಒದ್ದೆ ಡಾಮರಿನಲ್ಲಿ ನಯವಾದ ಟೈರೇ ಹೆಚ್ಚು ಹಿಡಿಯುತ್ತದೆ, ಏಕೆಂದರೆ ನೆಲಕ್ಕೆ ಹೆಚ್ಚು ರಬ್ಬರು ತಾಗುತ್ತದೆ. ದೊಡ್ಡ ಬಟನಿನ ಟೈರಿನಲ್ಲಿ ಬಟನಿನ ತುದಿಗಳು ಮಾತ್ರ ಗಟ್ಟಿ ನೆಲಕ್ಕೆ ತಾಗುತ್ತವೆ. ತಿರುವಿನಲ್ಲಿ ಆ ತುದಿಗಳು ಬಾಗಿಕೊಂಡು ಚಕ್ರ ತಪ್ಪಿದಂತಾಗುತ್ತದೆ. ಬಟನಿಗೆ ಕೆಲಸವಿರುವುದು ಅದು ನೆಲದೊಳಗೆ ಕಚ್ಚಲು ಸಾಧ್ಯವಿರುವಲ್ಲಿ: ಮೆತ್ತಗಿನ ಮಣ್ಣು, ಕೆಸರು, ಹುಲ್ಲು. ಕಾಂಕ್ರೀಟಿನೊಳಗೆ ಯಾವ ಬಟನೂ ಕಚ್ಚದು.

ನಿಮ್ಮನ್ನು ಕೆಡವಿದ ಇಳಿಜಾರಿನ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಅಲ್ಲಿ ಟೈರಿನಿಂದ ಆಗುವ ಸಹಾಯ ಅಲ್ಪ. ತೋಟದ ನೆರಳಿನ ಕಾಂಕ್ರೀಟಿಗೆ ಜೂನ್ ಕಳೆಯುತ್ತಿದ್ದಂತೆ ಪಾಚಿ ಹಿಡಿಯುತ್ತದೆ, ಆಟಿ ತಿಂಗಳಲ್ಲಂತೂ (ಜುಲೈ–ಆಗಸ್ಟ್) ಹಸಿರು ಬಳಿದಂತೆ ಕಾಣುತ್ತದೆ. ಪಾಚಿ ನೆನೆದಾಗ ಲೋಳೆಯ ಪದರವಾಗಿ ರಬ್ಬರು ಕಾಂಕ್ರೀಟಿಗೆ ತಾಗುವುದೇ ಇಲ್ಲ. ಒತ್ತಡ ತಗ್ಗಿಸಿದರೆ ಸ್ವಲ್ಪ ಅನುಕೂಲ, ಅಷ್ಟೇ. ಜಗತ್ತಿನ ಅತಿ ದುಬಾರಿ ಟೈರು ಹಾಕಿದರೂ ಪಾಚಿಯ ಮೇಲೆ ಬ್ರೇಕ್ ಒತ್ತಿದರೆ ಬೀಳುತ್ತೀರಿ. ಮುಂದಿನ ಮಳೆಗಾಲದಲ್ಲಿ ಆ ರಸ್ತೆಯನ್ನು ನಿಂತು ನೋಡಿ: ಜೀಪು, ರಿಕ್ಷಾಗಳ ಚಕ್ರ ಓಡುವ ಎರಡು ಗೆರೆಗಳು ಬಿಳಿಚಿಕೊಂಡಿರುತ್ತವೆ, ಅವುಗಳ ನಡುವೆ ಮತ್ತು ಅಂಚುಗಳಲ್ಲಿ ಹಸಿರು ಇರುತ್ತದೆ. ಆ ಬಿಳಿ ಗೆರೆಯಲ್ಲೇ ಇಳಿಯಿರಿ. ವೇಗವನ್ನು ಇಳಿಜಾರಿಗೆ ಮೊದಲೇ, ಬಿಸಿಲು ಬೀಳುವ ಜಾಗದಲ್ಲೇ ತಗ್ಗಿಸಿ, ಹಸಿರಿನ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ಮುಂದಿನ ಬ್ರೇಕ್ ಮುಟ್ಟಬೇಡಿ. ಗೆರೆಯೇ ಕಾಣದಷ್ಟು ಹಸಿರಾದ ವಾರಗಳಲ್ಲಿ ಇಳಿದು, ಬದಿಯ ಮಣ್ಣಿನಲ್ಲಿ ಸೈಕಲ್ ತಳ್ಳಿಕೊಂಡು ನಡೆಯಿರಿ. ನಾನೂ ಹಾಗೆಯೇ ನಡೆಯುತ್ತೇನೆ. ನಮ್ಮಲ್ಲಿ ಮಳೆ ಶುರುವಾಗುವ ಮುಂಚೆ ಅಂಗಳ ಜಾರದಂತೆ ಸೋಗೆ ಹಾಸುವ ರೂಢಿ ಇದೆಯಲ್ಲ, ರಸ್ತೆಗೆ ಅದು ಆಗದು. ಆದರೆ ನೆರೆಯವರು ನಾಲ್ಕು ಜನ ಸೇರಿ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಕಸಬರಿಕೆಯಿಂದ ಒಮ್ಮೆ ಉಜ್ಜಿದರೆ ಇಳಿಜಾರು ಕೆಲವು ವಾರ ಚೆನ್ನಾಗಿರುತ್ತದೆ. ತೊಳೆದ ನೀರು ಬಾವಿ, ಕುಡಿಯುವ ನೀರಿನ ಸುರಂಗ, ಮದಕಗಳ (ಮಳೆನೀರು ನಿಲ್ಲುವ ಕೆರೆ) ಕಡೆ ಹರಿಯದಂತೆ ನೋಡಿಕೊಳ್ಳಿ.

ಈಗ ಮಣ್ಣಿಗೆ ಬರೋಣ. ಅಮೆರಿಕದ ವಿಡಿಯೋಗಳನ್ನು ನೋಡುವುದು ತಪ್ಪಲ್ಲ, ಈ ಬಗೆಯ ಸೈಕಲ್ ಸವಾರಿ ಬೆಳೆದದ್ದೇ ಅಲ್ಲಿನ ಜಲ್ಲಿ ರಸ್ತೆಗಳಲ್ಲಿ. ಅದರ ಅತಿ ಹೆಸರುವಾಸಿ ಸ್ಪರ್ಧೆ ಅನ್‌ಬೌಂಡ್, ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನಿಂದ ಹೊರಡುತ್ತದೆ. ಮುಖ್ಯ ಓಟ 200 ಮೈಲಿ. ದಾರಿ ಹಾದುಹೋಗುವುದು ಫ್ಲಿಂಟ್ ಬೆಟ್ಟಗಳ ನಡುವೆ. ಫ್ಲಿಂಟ್ ಎಂದರೆ ಆದಿಮಾನವರು ಬಾಣದ ಮೊನೆ ಮಾಡುತ್ತಿದ್ದ ಕಲ್ಲು. ಒಡೆದರೆ ಗಾಜಿನ ಚೂರಿನಂತೆ ಅಂಚು. ಅಲ್ಲಿ ಟೈರಿನ ಮಗ್ಗುಲು ಸೀಳುವುದೇ ದೊಡ್ಡ ಭಯ, ಆದ್ದರಿಂದ ಅಗಲ ಮತ್ತು ದಪ್ಪ ಮಗ್ಗುಲಿನ ಟ್ಯೂಬ್‌ಲೆಸ್ ಟೈರಿಗೆ ಅಷ್ಟು ಮಹತ್ವ.

ನಮ್ಮದು ಮುರಕಲ್ಲಿನ ನೆಲ. 1800ರ ದಶಕದ ಆರಂಭದಲ್ಲಿ ಮಲಬಾರ್, ಕೆನರಾಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 1807ರ ತನ್ನ ಪುಸ್ತಕದಲ್ಲಿ, ಅದೂ ಕೇರಳದ ಅಂಗಾಡಿಪುರದಲ್ಲಿ ಕಂಡದ್ದನ್ನು ವರ್ಣಿಸುತ್ತ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು. ಕೋರೆಯಲ್ಲಿ ಕಡಿಯುವಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವುದು ಇದರ ಗುಣ. ಸೈಕಲ್ ಸವಾರನಿಗೆ ಈ ನೆಲ ವರ್ಷದಲ್ಲಿ ಎರಡು ಬೇರೆ ಬೇರೆ ನೆಲವಾಗಿ ಕಾಣುತ್ತದೆ. ಡಿಸೆಂಬರಿನಿಂದ ಮೇ ತನಕ ಪದವಿನ ದಾರಿ ಬಂಡೆಯಂತೆ ಗಟ್ಟಿ. ಅದರ ಮೇಲೆ ಕಡಲೆಗಾತ್ರದ ಕೆಂಪು ಉಂಡೆಗಲ್ಲುಗಳು ಹರಡಿರುತ್ತವೆ. ಗಟ್ಟಿ ನೆಲದ ಮೇಲೆ ಉರುಳುವ ಗೋಲಿಗಳು ಎಂದುಕೊಳ್ಳಿ. ಇಲ್ಲಿ ದೊಡ್ಡ ಬಟನ್ ಉಪಯೋಗವಿಲ್ಲ. ಅಗಲ, ಕಡಿಮೆ ಒತ್ತಡ, ಒತ್ತೊತ್ತಾಗಿ ಇರುವ ಚಿಕ್ಕ ಬಟನುಗಳು, ಈ ಮೂರು ಸೇರಿದರೆ ಟೈರು ಆ ಗೋಲಿಗಳನ್ನು ಸುತ್ತುವರಿದು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಅದೇ ಕಲ್ಲು ಸವೆದು ಆದ ಕೆಂಪು ಜೇಡಿಮಣ್ಣು ಟೈರಿಗೆ ಅಂಟಿಕೊಂಡು ಮೇಲಕ್ಕೆ ಏರುತ್ತದೆ. ನಾನು ಒಮ್ಮೆ ಪೊಸಡಿಗುಂಪೆಯ ಬುಡದಲ್ಲಿ, ಮಳೆ ನಿಂತ ಅರ್ಧ ಗಂಟೆಗೆ, ಒಂದು ತಿರುವು ದಾಟುವಷ್ಟರಲ್ಲಿ ಹಿಂದಿನ ಚಕ್ರ ತಿರುಗುವುದೇ ನಿಂತಿತು. ನೋಡಿದರೆ ಟೈರಿಗೂ ಚೌಕಟ್ಟಿಗೂ ನಡುವೆ ಇಟ್ಟಿಗೆ ಅಚ್ಚು ಹೊಯ್ದಂತೆ ಮಣ್ಣು ತುಂಬಿತ್ತು. ಕಡ್ಡಿಯಿಂದ ಕೆರೆದು ತೆಗೆದೆ, ಹತ್ತು ಮೀಟರ್ ಹೋಗುವಷ್ಟರಲ್ಲಿ ಮತ್ತೆ ತುಂಬಿತು. ಅಂದು ಅಗಲ ಟೈರೇ ನನಗೆ ಶತ್ರುವಾಗಿತ್ತು. ಚೌಕಟ್ಟಿನಲ್ಲಿ ಹಿಡಿಸುವಷ್ಟು ಅಗಲವಲ್ಲ, ಹಿಡಿಸಿ ಮಣ್ಣಿಗೂ ಜಾಗ ಉಳಿಯುವಷ್ಟು ಅಗಲ ಬೇಕು ಎಂದು ಆವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಸೈಕಲ್ಲನ್ನು ಅಳೆಯಿರಿ. ಟೈರಿನ ಎರಡೂ ಮಗ್ಗುಲಲ್ಲಿ ಚೌಕಟ್ಟಿಗೂ ಫೋರ್ಕಿಗೂ, ಮೇಲೆ ಮಡ್‌ಗಾರ್ಡಿಗೂ ಕನಿಷ್ಠ 6 ಮಿಲಿಮೀಟರ್ ಖಾಲಿ ಉಳಿಯಬೇಕು. ಆರು ಮಿಲಿಮೀಟರಿನ ಅಲೆನ್ ಕೀಲಿಯನ್ನು ಆ ಸಂದಿಯಲ್ಲಿ ತೂರಿಸಿ ನೋಡಬಹುದು, ಚಕ್ರ ತಿರುಗಿಸುವಾಗ ಎಲ್ಲಿಯೂ ತಾಗಬಾರದು. ಟೈರಿನ ಮೇಲೆ ಬರೆದ ಅಗಲವೇ ನಿಜವಾದ ಅಗಲ ಎಂದು ತಿಳಿಯಬೇಡಿ. ರಿಮ್ಮು ಅಗಲವಾದಷ್ಟೂ ಟೈರೂ ಅಗಲಿಸುತ್ತದೆ.

ಅಳತೆಯ ಇನ್ನೊಂದು ಗೊಂದಲದಿಂದ ನಮ್ಮ ಕಡೆ ಅನೇಕರು ಹಣ ಕಳೆದುಕೊಳ್ಳುತ್ತಾರೆ. ನಿಮ್ಮ ಟೈರಿನ ಮಗ್ಗುಲಲ್ಲಿ 700×35 ಎಂಬುದರ ಹತ್ತಿರವೇ 622ರಲ್ಲಿ ಕೊನೆಯಾಗುವ ಇನ್ನೊಂದು ಸಂಖ್ಯೆ ಇದೆ. ಅದು ಟೈರು ಕೂರುವ ರಿಮ್ಮಿನ ವ್ಯಾಸ, ಮಿಲಿಮೀಟರಿನಲ್ಲಿ. ಅದನ್ನು ಮಾತ್ರ ನಂಬಿ. ನಮ್ಮ ಅಜ್ಜಂದಿರ ಕಪ್ಪು ಸೈಕಲ್ಲಿಗೆ ಹಾಕುವ 28×1½ ಟೈರು 635ರದ್ದು, ನಿಮ್ಮ ರಿಮ್ಮಿಗೆ ಸಡಿಲ. ಬೆಟ್ಟದ ಸೈಕಲ್ಲಿನ 29 ಇಂಚಿನ ಟೈರು ಎಂಬುದು 622ರದ್ದೇ, ರಿಮ್ಮಿಗೆ ಕೂರುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾದ 2.1 ಇಂಚು ಎಂದರೆ 53 ಮಿಲಿಮೀಟರ್. ನಿಮ್ಮ ಅಂಗಡಿಯವರು ಹೇಳಿದ ದಪ್ಪ ಬಟನ್ ಟೈರು ಇದೇ ಆಗಿದ್ದರೆ ನಿಮ್ಮ ಹೈಬ್ರಿಡ್ಡಿನ ಚೌಕಟ್ಟಿನಲ್ಲಿ ಅದು ತಿರುಗಲಾರದು. ಆ ಸಲಹೆಯನ್ನು ಇಲ್ಲಿಗೇ ಬಿಟ್ಟುಬಿಡಬಹುದು.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು, ಟೈರು ಬದಲಿಸದೇ ಇರುವುದು. ಒತ್ತಡ ತೋರಿಸುವ ಮೀಟರ್ ಇರುವ, ನಿಂತುಕೊಂಡು ಎರಡು ಕೈಯಿಂದ ಒತ್ತುವ ಪಂಪ್ ಒಂದನ್ನು ಮನೆಗೆ ತನ್ನಿ. ಈಗಿನ 35ರ ಟೈರಿಗೆ ನಿಮ್ಮ ಭಾರಕ್ಕೆ ಮುಂದೆ 45, ಹಿಂದೆ 52ರಿಂದ ಶುರು ಮಾಡಿ, ವಾರಕ್ಕೊಮ್ಮೆ ನೋಡಿಕೊಳ್ಳಿ. ಟೈರಿನ ಮೇಲೆ ಅಚ್ಚಾದ ಗರಿಷ್ಠ ಒತ್ತಡ ಮೀರಬಾರದ ಮಿತಿ ಮಾತ್ರ, ತುಂಬಬೇಕಾದ ಅಳತೆಯಲ್ಲ. ಇಷ್ಟರಿಂದಲೇ ಜೋಡಿ ಸೀಳಿನ ಪಂಕ್ಚರ್ ಬಹುಮಟ್ಟಿಗೆ ನಿಲ್ಲುತ್ತದೆ ಎಂದು ನನಗೆ ಭರವಸೆ ಇದೆ. ಇದರ ಮಿತಿ ಏನೆಂದರೆ, 35ರ ಟೈರನ್ನು ಪದವಿನ ಗೋಲಿಗಲ್ಲಿಗೆ ಬೇಕಾದಷ್ಟು ಮೆತ್ತಗೆ ಮಾಡಿದರೆ ರಿಮ್ಮು ಕಲ್ಲಿಗೆ ಬಡಿಯುತ್ತದೆ. ಶಾಲೆಯ ದಾರಿಗೆ ಸಾಕು, ಆದಿತ್ಯವಾರಕ್ಕೆ ಸಾಲದು.

ಎರಡನೆಯದು, ನಾನು ನಿಮ್ಮ ಜಾಗದಲ್ಲಿದ್ದರೆ ಮಾಡುವುದು: ಟ್ಯೂಬನ್ನು ಉಳಿಸಿಕೊಂಡು 40ರ ಟೈರು, ಮಡ್‌ಗಾರ್ಡಿನಡಿ ಜಾಗ ಸಾಲದಿದ್ದರೆ 38. ನಡುವೆ ನಯವಾದ ಅಥವಾ ಬಹಳ ಚಿಕ್ಕ, ಒತ್ತೊತ್ತಾದ ಬಟನು, ಭುಜದಲ್ಲಿ, ಅಂದರೆ ಟೈರಿನ ಮೈಯ ಎರಡು ಬದಿಗಳಲ್ಲಿ, ಸ್ವಲ್ಪ ದೊಡ್ಡದು ಇರುವಂಥದ್ದು. ಡಾಮರಿನಲ್ಲಿ ನೆಟ್ಟಗೆ ಹೋಗುವಾಗ ನಡುವಿನ ಭಾಗ ಮಾತ್ರ ಉರುಳುತ್ತದೆ, ಮಣ್ಣಿನಲ್ಲಿ ವಾಲಿದಾಗ ಭುಜ ಕಚ್ಚುತ್ತದೆ. ಪ್ಯಾನರೇಸರ್ ಗ್ರಾವೆಲ್‌ಕಿಂಗ್ ಎಸ್‌ಕೆ, ಶ್ವಾಲ್ಬೆ ಜಿ-ಒನ್ ಆಲ್‌ರೌಂಡ್, ಕಾಂಟಿನೆಂಟಲ್ ಟೆರಾ ಸ್ಪೀಡ್, ಇವೆಲ್ಲ ಈ ಚಿಕ್ಕ ಬಟನಿನ ಜಾತಿಯವು. ಹೊರದೇಶದ ಹೆಸರೇ ಬೇಕೆಂದಿಲ್ಲ. ಲೂಧಿಯಾನದಲ್ಲಿ ತಯಾರಾಗುವ ರಾಲ್ಸನ್, ಮೆಟ್ರೋ ಟೈರುಗಳಲ್ಲೂ ನಿಮ್ಮ ಅಳತೆಗೆ ಒಪ್ಪುವ ಅಚ್ಚು ಸಿಕ್ಕಿದರೆ ಹಿಂಜರಿಯಬೇಡಿ, ಅವುಗಳ ಬೆಲೆಯೂ ಹಗುರ. ಕೈಯಲ್ಲಿ ಹಿಡಿದು ಮಗ್ಗುಲನ್ನು ಹಿಸುಕಿ ನೋಡಿ. ಒಳಗಿನ ನೂಲು ಸಪೂರವಾಗಿ ಒತ್ತಾಗಿದ್ದರೆ ಟೈರು ಬಟ್ಟೆಯಂತೆ ಮಡಿಚಿಕೊಳ್ಳುತ್ತದೆ, ಸಲೀಸಾಗಿ ಉರುಳುತ್ತದೆ, ಆದರೆ ಹರಿತ ಕಲ್ಲಿಗೆ ಬೇಗ ಸೀಳುತ್ತದೆ. ದಪ್ಪ ನೂಲಿನದು ರಟ್ಟಿನಂತೆ, ಸವಾರಿ ಸ್ವಲ್ಪ ಭಾರ, ಬಾಳಿಕೆ ಹೆಚ್ಚು. ಟಿಪಿಐ ಎಂದು ಬರೆದ ಸಂಖ್ಯೆ ಇದನ್ನೇ ಹೇಳುತ್ತದೆ, ಒಂದು ಇಂಚಿನಲ್ಲಿ ಎಷ್ಟು ನೂಲು ಎಂದು. ದಿನಾ ಶಾಲೆಗೆ ಹೋಗುವ, ರಸ್ತೆ ಕೆಲಸದ ಜಲ್ಲಿ ಚೆಲ್ಲಿದ ಅಂಚಿನಲ್ಲಿ ಓಡಾಡುವ ನಿಮಗೆ 60ರ ಆಸುಪಾಸಿನದು ಸಾಕು, 120ರ ನಾಜೂಕು ಬೇಡ.

ಒತ್ತಡ ಮುಂದೆ 37, ಹಿಂದೆ 42ರಿಂದ ಶುರು ಮಾಡಿ. ಮಣ್ಣಿನ ದಾರಿಯಲ್ಲಿ ರಿಮ್ಮಿಗೆ ಟಕ್ ಎಂದು ಬಡಿದದ್ದು ಕೇಳಿದರೆ 3 ಏರಿಸಿ, ಕೈ ಮರಗಟ್ಟಿದರೆ 2 ಇಳಿಸಿ. ಎರಡು ಮೂರು ವಾರದಲ್ಲಿ ನಿಮ್ಮದೇ ಸಂಖ್ಯೆ ಸಿಗುತ್ತದೆ, ಅದನ್ನು ಪಂಪಿನ ಮೇಲೆ ಬರೆದಿಡಿ. ಮೊದಲ ದಿನ ಸೈಕಲ್ ನಿಧಾನವಾಯಿತೇನೋ ಎನಿಸುತ್ತದೆ. ಗಡಿಯಾರ ನೋಡಿ ಹೋಗಿ, ಶಾಲೆಗೆ ತಲುಪುವ ಹೊತ್ತು ಬದಲಾಗಿರುವುದಿಲ್ಲ.

ಮೂರನೆಯದು ಟ್ಯೂಬ್‌ಲೆಸ್. ಅದರ ಒಳ್ಳೆಯ ಗುಣ ನಿಜವಾದದ್ದು. ಹಿಸುಕಲು ಟ್ಯೂಬೇ ಇಲ್ಲದ್ದರಿಂದ ಹಾವಿನ ಗುರುತು ಬೀಳುವುದಿಲ್ಲ, ಒತ್ತಡ ಇನ್ನೂ 4–5 ತಗ್ಗಿಸಬಹುದು, ಮುಳ್ಳಿನ ತೂತನ್ನು ಟೈರಿನೊಳಗೆ ಹೊಯ್ಯುವ ದ್ರವ ತಾನೇ ಮುಚ್ಚುತ್ತದೆ. ಆದರೆ ಪಂಕ್ಚರೇ ಆಗದು ಎಂಬುದು ಸುಳ್ಳು, ಮಗ್ಗುಲು ಸೀಳಿದರೆ ದ್ರವ ಏನೂ ಮಾಡದು, ಕೊನೆಗೆ ಟ್ಯೂಬೇ ಹಾಕಬೇಕು. ಆ ದ್ರವ ಬಹುಪಾಲು ರಬ್ಬರ್ ಹಾಲೇ. ನಿಮ್ಮ ನೆರೆಯಲ್ಲಿ ರಬ್ಬರ್ ತೋಟವಿದ್ದರೆ ಹಾಲು ಹೆಪ್ಪುಗಟ್ಟದಂತೆ ಅಮೋನಿಯ ಬೆರೆಸುವುದನ್ನು ನೋಡಿರುತ್ತೀರಿ, ಇಲ್ಲಿಯೂ ಅನೇಕ ಕಂಪನಿಗಳು ಅದನ್ನೇ ಮಾಡುತ್ತವೆ. ಎಷ್ಟು ಬೆರೆಸಿದರೂ ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗಿ ಟೈರಿನೊಳಗೆ ಕೆನೆಯಂತೆ ಅಂಟಿಕೊಳ್ಳುತ್ತದೆ. ಆಗ ತೆಗೆದು ಕೆರೆದು ಮತ್ತೆ ಹಾಕಬೇಕು. ರಿಮ್ಮಿನ ಮೇಲೆ ಟ್ಯೂಬ್‌ಲೆಸ್ ರೆಡಿ ಎಂದು ಬರೆದಿರದಿದ್ದರೆ ಈ ಪ್ರಯೋಗಕ್ಕೆ ಕೈ ಹಾಕಬೇಡಿ. ಅಂಚು ಜಾರಿ ಟೈರು ಒಮ್ಮೆಲೇ ಬಿಚ್ಚಿಕೊಂಡರೆ ಪಂಕ್ಚರಿನಂತೆ ಮೆಲ್ಲನೆ ನಿಲ್ಲಲು ಸಮಯ ಸಿಗುವುದಿಲ್ಲ. ಒಳಗಡೆ ಕೊಕ್ಕೆಯಂಥ ಅಂಚೇ ಇಲ್ಲದ ಹೊಸ ರಿಮ್ಮುಗಳೂ ಬಂದಿವೆ. ಅವಕ್ಕೆ ಒಪ್ಪುವುದೆಂದು ಬರೆದ ಟೈರನ್ನೇ ಹಾಕಬೇಕು, 72 ಪಿಎಸ್‌ಐ ದಾಟಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಅಂಥ ಚಕ್ರ ಒಡ್ಡುವುದು ಅಪಾಯ.

ವಾರವಾರ ಸೈಕಲ್ಲಿಗೆ ಒಂದು ಗಂಟೆ ಕೊಡಲು ಇಷ್ಟವಿರುವವರಿಗೆ ನಾನು ಟ್ಯೂಬ್‌ಲೆಸ್ ಹಾಕಿಕೊಡುತ್ತೇನೆ. ತಿಂಗಳಿಗೊಮ್ಮೆ ಗಾಳಿ ನೋಡುತ್ತಿದ್ದ ನಿಮಗೆ ಈಗಲೇ ಬೇಡ. ಮೊದಲು ಒಂದು ಮಳೆಗಾಲ ಪಂಪಿನ ಅಭ್ಯಾಸವಾಗಲಿ.

ಚಿಕ್ಕ ವ್ಯಾಸದ, ಅಂದರೆ 584ರ ಚಕ್ರ ಹಾಕಿ 47ರ ಟೈರು ಕೂರಿಸುವವರೂ ಇದ್ದಾರೆ, ಡಿಸ್ಕ್ ಬ್ರೇಕ್ ಇರುವುದರಿಂದ ನಿಮಗೂ ಅದು ಸಾಧ್ಯ. ಖರ್ಚಿನ ದೃಷ್ಟಿಯಿಂದ ಹಾಗೆ ಮಾಡಿ ಎಂದು ನಾನು ಹೇಳಲಾರೆ.

ಕೊಂಡ ಮೇಲೆ ಹಿಂದಿನ ಟೈರು ಬೇಗ ಸವೆಯುತ್ತದೆ. ಆಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಕಾಲೂರಿ ಉಳಿದುಕೊಳ್ಳಬಹುದು, ಮುಂದಿನದು ಜಾರಿದರೆ ಮೊಣಕೈಯೇ ನೆಲಕ್ಕೆ. ಒಳ್ಳೆಯ ರಬ್ಬರು ಯಾವಾಗಲೂ ಮುಂದೆ ಇರಲಿ.

ಇನ್ನು ಹಳೆಯ ಟೈರುಗಳು. ಮುಂದಿನದು ಇನ್ನೂ ಚೆನ್ನಾಗಿದ್ದರೆ ತುರ್ತಿಗೆಂದು ಬಿಸಿಲು ಬೀಳದ ಕಡೆ ತೂಗುಹಾಕಿ. ಹಿಂದಿನದರಿಂದ ಕೈಬೆರಳಿನಷ್ಟು ಉದ್ದದ ಒಂದು ತುಂಡು ಕತ್ತರಿಸಿ, ಎರಡೂ ಅಂಚಿನ ತಂತಿ ತೆಗೆದು, ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ ಚೀಲದಲ್ಲಿ ಇಟ್ಟುಕೊಳ್ಳಿ. ಮಗ್ಗುಲು ಸೀಳಿದ ದಿನ ಅದನ್ನು ಸೀಳಿನ ಒಳಮೈಗೆ ಒತ್ತಿ ಇಟ್ಟು, ಅದರ ಮೇಲೆ ಟ್ಯೂಬು ಬರುವಂತೆ ಮಾಡಿ ಗಾಳಿ ತುಂಬಿದರೆ ಟ್ಯೂಬು ಸೀಳಿನಿಂದ ಹೊರಗೆ ಉಬ್ಬುವುದಿಲ್ಲ. 30 ಪಿಎಸ್‌ಐಗಿಂತ ಹೆಚ್ಚು ತುಂಬದೆ, ಗುಂಡಿ ತಪ್ಪಿಸಿಕೊಂಡು ಮೆಲ್ಲಗೆ ಬಂದರೆ ಅನಂತಪುರದಿಂದ ಪೆರ್ಲದ ತನಕ ಅದು ನಿಮ್ಮನ್ನು ಮುಟ್ಟಿಸುತ್ತದೆ.